ಗಿರಣಿಯ ಷಡ್ಜ

"ಮಾಸ್ತರೇ, ಸದ್ದಿಲ್ಲದ ಮನೆ ಸಿಗುವವರೆಗೆ ಪಾಠ ನಿಲ್ಲಿಸಬಹುದೇ?" ಎಂದು ಇಂದುಧರ ಕೇಳಿದ.

ಇಂದುಧರ ಎಂಟು ತಿಂಗಳಿಂದ ಬಸಲಿಂಗಯ್ಯ ಮಾಸ್ತರ ಬಳಿ ಪಿಟೀಲು ಕಲಿಯುತ್ತಿದ್ದ. ಅವನ ಮನೆ ಇದ್ದದ್ದು ಬಸ್ ನಿಲ್ದಾಣದ ಎದುರಿನ ಓಣಿಯಲ್ಲಿ. ಕೆಳಗೆ ಗ್ಯಾರೇಜು, ಪಕ್ಕಕ್ಕೆ ಶಾಲೆ. ತಾನು ನುಡಿಸಿದ್ದನ್ನು ಒಂದು ದಿನ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿದಾಗ ಪಿಟೀಲಿಗಿಂತ ಬಸ್ಸಿನ ಹಾರನ್ನೇ ಹೆಚ್ಚು ಕೇಳಿಸಿತ್ತು. ಅಂದಿನಿಂದ ಅವನು ಸಾಧನೆ ಬಿಟ್ಟು ಮನೆ ಹುಡುಕುತ್ತಿದ್ದ. ಪಿಟೀಲಿನ ಕಮಾನು ಮುಟ್ಟಿ ಮೂರು ವಾರವಾಗಿತ್ತು.

ಮಾಸ್ತರು ಕೈಯಲ್ಲಿದ್ದ ಪಿಟೀಲನ್ನು ಬಟ್ಟೆಯಿಂದ ಒರೆಸಿ ಪೆಟ್ಟಿಗೆಯಲ್ಲಿಟ್ಟರು.

"ಕೂತುಕೋ. ಒಬ್ಬ ಗಿರಣಿಯವಳ ಕತೆ ಹೇಳುತ್ತೇನೆ. ಕತೆಯಲ್ಲಿನವರು ಆಡಿದ ಮಾತನ್ನು ಆಡಿದ ಹಾಗೆಯೇ ಹೇಳುತ್ತೇನೆ, ತಿದ್ದುವುದಿಲ್ಲ" ಎಂದರು.

ಒಂದು ಊರಿನಲ್ಲಿ ಒಬ್ಬ ಗಿರಣಿಯವಳಿದ್ದಳು. ಹೆಸರು ಬಾಳವ್ವ. ವಯಸ್ಸು ನಲವತ್ತೆಂಟು. ಮನೆಯ ಮುಂದಿನ ಕೋಣೆಯಲ್ಲಿ ಹಿಟ್ಟಿನ ಗಿರಣಿ, ಹಿಂದಿನ ಎರಡು ಕೋಣೆಗಳಲ್ಲಿ ಸಂಸಾರ. ಗಂಡ ಫಕೀರಪ್ಪ ಗಿರಣಿಯ ಬಾಯಿಗೆ ಜೋಳ ಸುರಿಯುತ್ತಿದ್ದ. ಬಾಳವ್ವ ಕೆಳಗೆ ಕೂತು ಹಿಟ್ಟು ಹಿಡಿಯುತ್ತಿದ್ದಳು. ಚಿಟಿಕೆ ಹಿಟ್ಟನ್ನು ಬೆರಳುಗಳ ನಡುವೆ ತಿಕ್ಕಿ ನೋಡಿ, ಕಲ್ಲನ್ನು ಬಿಗಿ ಮಾಡಬೇಕೋ ಸಡಿಲಿಸಬೇಕೋ ಕೈಸನ್ನೆಯಲ್ಲೇ ಹೇಳುತ್ತಿದ್ದಳು. ಇಪ್ಪತ್ತಾರು ವರ್ಷ ಹೀಗೇ ನಡೆದಿತ್ತು. ಗಂಡಹೆಂಡಿರ ನಡುವೆ ಜಗಳ ಕಡಿಮೆ. ಗಿರಣಿ ನಡೆಯುವಾಗ ಆಡಿದ ಜಗಳ ಇಬ್ಬರಿಗೂ ಕೇಳಿಸುತ್ತಿರಲಿಲ್ಲ. ಗಿರಣಿ ನಿಂತಾಗ ಜಗಳದ ಕಾರಣ ನೆನಪಿರುತ್ತಿರಲಿಲ್ಲ.

ಅದೇ ಓಣಿಯಲ್ಲಿದ್ದ ಅಂಚೆ ಕಚೇರಿಯ ಅಧಿಕಾರಿಯೊಬ್ಬರಿಗೆ ಬೇರೆ ಊರಿಗೆ ವರ್ಗವಾಯಿತು. ಸಾಮಾನು ತುಂಬಿದ ಮೇಲೆ ಲಾರಿಯಲ್ಲಿ ಒಂದು ಪಿಟೀಲಿನ ಪೆಟ್ಟಿಗೆಗೆ ಜಾಗವಾಗಲಿಲ್ಲ. ಅವರ ಹೆಂಡತಿ ಅದನ್ನು ಬಾಳವ್ವನ ಕೈಗೆ ಕೊಟ್ಟು, ಯಾರಾದರೂ ಬೇಕೆಂದರೆ ಕೊಟ್ಟುಬಿಡಿ ಎಂದು ಹೇಳಿ ಹೋದಳು. ಪೆಟ್ಟಿಗೆ ಒಂದು ವರ್ಷ ಗಿರಣಿಯ ಗೋಡೆಗೆ ತೂಗಿಕೊಂಡಿತ್ತು. ಬೇಕೆಂದು ಯಾರೂ ಬರಲಿಲ್ಲ.

ಒಂದು ದಿನ ಸಾಲಿನಲ್ಲಿ ಯಾರೂ ಇರಲಿಲ್ಲ. ಮೋಟರು ಖಾಲಿ ಓಡುತ್ತಿತ್ತು. ಬಾಳವ್ವ ಪೆಟ್ಟಿಗೆ ತೆರೆದು ಒಂದು ತಂತಿಯನ್ನು ಬೆರಳಿನಿಂದ ಮೀಟಿದಳು. ಮೋಟರು ಗುಂಯ್ ಎನ್ನುತ್ತಿತ್ತು. ತಂತಿಯೂ ಹೆಚ್ಚುಕಡಿಮೆ ಅದೇ ದನಿಯಲ್ಲಿ ಗುಂಯ್ ಎಂದಿತು. ಪರವೂರಿನ ಸಂತೆಯಲ್ಲಿ ನಮ್ಮ ಊರಿನವರು ಸಿಕ್ಕರೆ ಹೇಗಾಗುತ್ತದೋ ಹಾಗಾಯಿತು ಬಾಳವ್ವನಿಗೆ. ಅವಳು ಮತ್ತೊಮ್ಮೆ ಮೀಟಿದಳು. ಆಮೇಲೆ ಸಂಜೆಯವರೆಗೂ ಕೈ ಬಿಡುವಾದಾಗಲೆಲ್ಲ ಮೀಟಿದಳು.

ಪಕ್ಕದ ಊರಿನಲ್ಲಿ ಹುಸೇನಸಾಬ ಎಂಬ ಉಸ್ತಾದರಿದ್ದರು. ಎಪ್ಪತ್ತೆರಡು ವರ್ಷದವರು. ಗಿರಣಿಗೆ ಸೋಮವಾರ ರಜೆ. ಬಾಳವ್ವ ಸೋಮವಾರ ಪಿಟೀಲು ಹಿಡಿದು ಅವರ ಮನೆಗೆ ಹೋದಳು. ಉಸ್ತಾದರು ಅವಳ ಕೈ ನೋಡಿದರು. ಉಗುರಿನ ಸಂದಿಯಲ್ಲಿ ಹಿಟ್ಟಿತ್ತು.

"ಈ ವಯಸ್ಸಿನ್ಯಾಗ ಇದು ಯಾಕ ಬೇಕಾಗೇತಿ ಬೇಟಿ?"

"ಚಲೋ ಅನಸ್ತೈತ್ರಿ" ಎಂದಳು ಬಾಳವ್ವ.

ಕಲಿಯಲು ಬಂದವರು ಹೇಳಿದ ಕಾರಣಗಳನ್ನು ಉಸ್ತಾದರು ಬಹಳ ಕೇಳಿದ್ದರು. ಇಷ್ಟು ಚಿಕ್ಕದನ್ನು ಯಾರೂ ಹೇಳಿರಲಿಲ್ಲ. ಅವರು ಒಪ್ಪಿಕೊಂಡರು.

ಮೂರು ತಿಂಗಳು ಅವರು ಒಂದೇ ಪಾಠ ಕೊಟ್ಟರು. ಎಡಗೈ ಬೆರಳು ಊರಬಾರದು. ಒಂದು ತಂತಿಯ ಮೇಲೆ ಕಮಾನನ್ನು ಈ ತುದಿಯಿಂದ ಆ ತುದಿಯವರೆಗೆ ಒಂದೇ ಭಾರದಲ್ಲಿ ಎಳೆಯಬೇಕು, ಅಷ್ಟೇ. ಕಮಾನು ಹಿಡಿಯುವುದು ಬಾಳವ್ವನಿಗೆ ಬರಲಿಲ್ಲ. ಬಿಗಿ ಹಿಡಿದರೆ ಕೀರ್ ಎನ್ನುತ್ತಿತ್ತು. ಸಡಿಲ ಹಿಡಿದರೆ ಜಾರುತ್ತಿತ್ತು. "ನೀ ಹಿಟ್ಟು ಹೆಂಗ ನೋಡ್ತೀ?" ಎಂದು ಉಸ್ತಾದರು ಕೇಳಿದರು. ಅವಳು ಹೆಬ್ಬೆರಳಿಗೆ ಎರಡು ಬೆರಳು ತಾಗಿಸಿ ತೋರಿಸಿದಳು. "ಹಂಗ ಹಿಡಿ" ಎಂದರು. ಅಂದಿನಿಂದ ಕಮಾನು ಅವಳ ಕೈಯಲ್ಲಿ ಕೂತಿತು.

ಉಸ್ತಾದರು ಪ್ರತಿ ಸೋಮವಾರ ಇನ್ನೊಂದಿಷ್ಟು ಹೇಳಿ ಕಳಿಸುತ್ತಿದ್ದರು. ಕಮಾನಿನ ಕೂದಲನ್ನು ಕೈಯಿಂದ ಮುಟ್ಟಬೇಡ, ಮೈಯ ಎಣ್ಣೆ ಹತ್ತಿದರೆ ಅದು ತಂತಿಯನ್ನು ಹಿಡಿಯುವುದಿಲ್ಲ. ಕೂದಲಿಗೆ ರಾಳವನ್ನು ಹದವಾಗಿ ಉಜ್ಜು, ಬಿಳಿ ಪುಡಿ ಉದುರುವಷ್ಟು ಬೇಡ. ನುಡಿಸಿದ ಮೇಲೆ ಕಮಾನಿನ ತಿರುಪು ಸಡಿಲಿಸು. ತಂತಿಯನ್ನು ಒಣಬಟ್ಟೆಯಿಂದ ಒರೆಸು. ಬಾಳವ್ವ ಎಲ್ಲಕ್ಕೂ ಹೂಂ ಎನ್ನುತ್ತಿದ್ದಳು. ಮನೆಗೆ ಬಂದ ಮೇಲೆ ಕೆಲವನ್ನು ಮಾಡುತ್ತಿದ್ದಳು, ಕೆಲವನ್ನು ಮರೆಯುತ್ತಿದ್ದಳು.

ಸಾಧನೆಗೆ ಅವಳು ಬೇರೆ ಜಾಗ ಹುಡುಕಲಿಲ್ಲ. ಗಿರಣಿಯ ಪಕ್ಕದಲ್ಲೇ ಚಾಪೆ ಹಾಸಿದಳು. ಹಿಟ್ಟು ಇಳಿಯುವಾಗ ಡಬ್ಬಿ ಹಿಡಿಯುವಳು, ಡಬ್ಬಿ ತುಂಬಿದ ಮೇಲೆ ಪಿಟೀಲು ಹಿಡಿಯುವಳು. ಶ್ರುತಿಗೆ ಅವಳಿಗೆ ತಂಬೂರಿ ಬೇಕಾಗಲಿಲ್ಲ. ಮೋಟರಿನ ಗುಂಯ್ ಎನ್ನುವ ದನಿಯೇ ಅವಳ ಷಡ್ಜ, ಅಂದರೆ ಉಳಿದ ಸ್ವರಗಳಿಗೆಲ್ಲ ಆಧಾರವಾದ ಸಾ ಆಯಿತು. ಹಾರ್ಮೋನಿಯಮ್ಮಿನ ಎರಡು ಸ್ವರದ ಮನೆಗಳ ನಡುವೆ ಎಲ್ಲೋ ಇದ್ದ ಸ್ವರ ಅದು. ಅದಕ್ಕೆ ಹೊಂದುವಂತೆ ತಂತಿಯ ಬಿರಡೆ ತಿರುಗಿಸಿ, ಅದರ ಮೇಲೆ ಕಮಾನಿಟ್ಟು, ದಿನಕ್ಕೆ ಎರಡು ತಾಸು, ಕೆಲವೊಮ್ಮೆ ಮೂರು ತಾಸು ಎಳೆಯುತ್ತಿದ್ದಳು. ಸಾಲಿನಲ್ಲಿ ಕೂತ ಹೆಂಗಸರಿಗೆ ಕಮಾನು ಹೋಗಿ ಬರುವುದು ಕಾಣುತ್ತಿತ್ತು. ದನಿ ಮಾತ್ರ ಕೇಳಿಸುತ್ತಿರಲಿಲ್ಲ. ಆದರೂ ಎಲ್ಲರೂ ಚಲೋ ಐತಿ ಎನ್ನುತ್ತಿದ್ದರು. ಬಾಳವ್ವನಿಗೂ ಹಾಗೇ ಅನಿಸಿತ್ತು. ಜೀವನದಲ್ಲಿ ಅಷ್ಟು ಸಂತೋಷವನ್ನು ಅವಳು ಕಂಡಿರಲಿಲ್ಲ.

ಸೋಮವಾರ ಉಸ್ತಾದರ ಮನೆಯಲ್ಲಿ ಮಾತ್ರ ಏನೋ ತಪ್ಪುತ್ತಿತ್ತು. "ಸಾ ಎಲ್ಲಿ ಇಟ್ಟು ಬಂದಿ ಬೇಟಿ?" ಎಂದು ಅವರು ನಗುತ್ತಿದ್ದರು. ಹೆದರಿಕೆಯಿಂದ ಹಾಗಾಗುತ್ತದೆ ಎಂದು ಬಾಳವ್ವ ತಿಳಿದಿದ್ದಳು.

ಒಂದೂವರೆ ವರ್ಷವಾಯಿತು. ಉಸ್ತಾದರ ಮೊಣಕಾಲು ಪೂರ್ತಿ ಕೆಟ್ಟಿತು. ಶಸ್ತ್ರಕ್ರಿಯೆಗೆಂದು ಅವರು ದೂರದ ಊರಿಗೆ, ಮಗಳ ಮನೆಗೆ ಹೊರಟರು. ಹೊರಡುವ ಮುನ್ನ ಒಂಬತ್ತು ಜನ ಶಿಷ್ಯರನ್ನೂ ಕೂರಿಸಿಕೊಂಡು ಹೇಳಿದರು. ನಾಲ್ಕು ತಿಂಗಳಿಗೆ ತಿರುಗಿ ಬರುತ್ತೇನೆ. ಬಂದ ಮೇಲೆ ಇಬ್ಬರಿಗಷ್ಟೇ ಕಲಿಸುವ ಕಸುವು ನನ್ನಲ್ಲಿದೆ. ನೀವೆಲ್ಲ ಮನೆಯಲ್ಲೇ ಐದು ನಿಮಿಷದ ಆಲಾಪ ರೆಕಾರ್ಡ್ ಮಾಡಿ ಕಳಿಸಿ. ಕೈಚಳಕ ಬೇಡ. ಶುರುವಿನಲ್ಲಿ ಇಟ್ಟ ಷಡ್ಜ ಕೊನೆಯಲ್ಲೂ ಅಲ್ಲೇ ಇರಬೇಕು. ತಪ್ಪಿದರೆ ತಿದ್ದಿಕೊಂಡು ಮತ್ತೆ ಕಳಿಸಬಹುದು, ನಾಲ್ಕು ತಿಂಗಳ ಒಳಗೆ.

ಉಳಿದ ಎಂಟು ಜನ ಬಾಳವ್ವನಿಗಿಂತ ಚಿಕ್ಕವರು, ಅವಳಿಗಿಂತ ಮೊದಲು ಶುರು ಮಾಡಿದವರು. ಬಸ್ಸಿನಲ್ಲಿ ತಿರುಗಿ ಬರುವಾಗ ಬಾಳವ್ವ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಸೋಮವಾರದ ಪಾಠ ಇಲ್ಲದ ವಾರವನ್ನು ನೆನೆಯಲೂ ಅವಳಿಗೆ ಆಗುತ್ತಿರಲಿಲ್ಲ.

ಮರುದಿನವೇ ಅವಳು ಮೊಬೈಲನ್ನು ಜೋಳದ ಚೀಲದ ಮೇಲಿಟ್ಟು, ಗಿರಣಿ ನಡೆಯುತ್ತಿರುವಾಗಲೇ ನುಡಿಸಿ ಕಳಿಸಿದಳು. ಷಡ್ಜ ಬೇಕಲ್ಲ, ಗಿರಣಿ ಇಲ್ಲದೆ ಹೇಗೆ? ಸಂಜೆ ಮೊಬೈಲಿನಲ್ಲಿ ಉಸ್ತಾದರ ದನಿ ಬಂತು.

"ಗಿರಣಿ ಭಾಳ ಚಲೋ ನುಡಿಸೈತಿ. ನೀ ಯಾವಾಗ ನುಡಸ್ತಿ?"

ಫಕೀರಪ್ಪ ಬಿದ್ದು ಬಿದ್ದು ನಕ್ಕ. ಬಾಳವ್ವ ಸೋಮವಾರಕ್ಕೆ ಕಾದಳು. ಗಿರಣಿ ನಿಲ್ಲಿಸಿ, ಮುಂದಿನ ಕೋಣೆ ಗುಡಿಸಿ, ಫ್ಯಾನು ಹಾಕಿಕೊಂಡು, ಮೊಬೈಲನ್ನು ಬರಿ ನೆಲದ ಮೇಲೆ ತನ್ನ ಕಾಲಿನ ಹತ್ತಿರವೇ ಇಟ್ಟುಕೊಂಡು ನುಡಿಸಿದಳು.

"ಬಾವ್ಯಾಗ ಕುಂತಿಯೇನು?" ಎಂದರು ಉಸ್ತಾದರು. "ಗೋಡಿಗೆ ಬಡದು ದನಿ ಎರಡೆರಡು ಸಲ ಬರಾಕ್ಹತ್ತೈತಿ. ಫ್ಯಾನಿನ ಗಾಳಿ ಬ್ಯಾರೆ."

ಆಮೇಲೆ ಸಮಾಧಾನದಿಂದ ಹೇಳಿಕೊಟ್ಟರು. ಬರಿಗೋಡೆಯ ಕೋಣೆ ಬೇಡ. ಹಾಸಿಗೆ, ಹೊದೆಯುವ ಕೌದಿ, ಚೀಲ ಇರುವ ಕೋಣೆಯಲ್ಲಿ ಕೂಡು. ಮೆತ್ತನೆಯ ಸಾಮಾನು ಪ್ರತಿಧ್ವನಿಯನ್ನು ನುಂಗುತ್ತದೆ. ಫ್ಯಾನು ನಿಲ್ಲಿಸು. ಮೊಬೈಲನ್ನು ನೆಲದ ಮೇಲಿಟ್ಟರೆ ನೆಲದ ನಡುಕವೂ ಅದರೊಳಗೆ ಹೋಗುತ್ತದೆ, ಅದಕ್ಕೆ ಮಡಿಚಿದ ಕೌದಿಯ ಮೇಲೆ ಎತ್ತರದಲ್ಲಿಡು. ನಿನ್ನಿಂದ ಎರಡು ಮಾರು ದೂರ ಇರಲಿ. ಗುಂಡಿ ಒತ್ತಿದ ಕೂಡಲೇ ನುಡಿಸಬೇಡ. ಹತ್ತು ಎಣಿಸುವವರೆಗೆ ಸುಮ್ಮನಿರು, ಕೋಣೆ ಹೇಗಿದೆ ಎಂದು ಮೊದಲು ನಿನಗೇ ಕೇಳಿಸಲಿ.

ಅಂಥ ಕೋಣೆ ಬಾಳವ್ವನ ಮನೆಯಲ್ಲೇ ಇತ್ತು. ಹಿಂದಿನ ಕೋಣೆಯಲ್ಲಿ ಮೂರು ಗೋಡೆಗೂ ಜೋಳದ ಚೀಲಗಳನ್ನು ಆಳೆತ್ತರಕ್ಕೆ ಒಟ್ಟಿದ್ದರು. ಮುಂದಿನ ಸೋಮವಾರ ಅವಳು ಚೀಲಗಳ ನಡುವೆ ಕೂತು ನುಡಿಸಿದಳು. ಕಳಿಸಿದ ಮೇಲೆ ಸಂಜೆಯವರೆಗೂ ಮೊಬೈಲನ್ನು ಸೊಂಟದಲ್ಲೇ ಸಿಕ್ಕಿಸಿಕೊಂಡಿದ್ದಳು.

"ರೆಕಾರ್ಡಿಂಗ್ ಚಲೋ ಬಂದೈತಿ. ಎಲ್ಲಾ ಸ್ವಚ್ಛ ಕೇಳಸ್ತೈತಿ" ಎಂದರು ಉಸ್ತಾದರು. ಬಾಳವ್ವ ಉಸಿರು ಬಿಟ್ಟಳು. "ಮೂರನೇ ನಿಮಿಷದಾಗ ಜ್ವಾಳ ಯಾರು ಸುರದ್ರು?"

"ಗಿರಣಿ ಬಂದ್ ಇತ್ರೀ ಉಸ್ತಾದ್ರ. ಇವತ್ತ ಸೋಮವಾರ."

"ಗಿರಣಿ ಬಂದ್ ಇದ್ದೀತು ಬೇಟಿ. ನಿನ್ನ ಕಿವ್ಯಾಗ ಅದು ನಡದೈತಿ. ಕೇಳಿ ನೋಡು."

ಅಂದಿನವರೆಗೆ ಬಾಳವ್ವ ತನ್ನ ರೆಕಾರ್ಡಿಂಗನ್ನು ಕೇಳಿರಲಿಲ್ಲ. ನುಡಿಸುವಾಗ ಕೇಳಿಸಿದೆಯಲ್ಲ, ಮತ್ತೆ ಏಕೆ ಎಂದುಕೊಂಡಿದ್ದಳು. ಆ ಸಂಜೆ ಚೀಲಗಳ ನಡುವೆ ಒಬ್ಬಳೇ ಕೂತು ಕೇಳಿದಳು. ಬೆರಳೂರಿ ಹಿಡಿದ ಷಡ್ಜ ಶುರುವಿನಲ್ಲಿ ಸರಿಯಿತ್ತು. ಸ್ವಲ್ಪ ಹೊತ್ತಿಗೆ ಅದು ಬಾಗಿತು. ಗಿರಣಿಯ ಬಾಯಿಗೆ ಜೋಳ ಬಿದ್ದಾಗ ಮೋಟರು ಹೇಗೆ ದನಿ ಇಳಿಸಿ ನರಳುತ್ತದೋ ಹಾಗೆಯೇ ಇಳಿಯಿತು. ಕಾಳು ಮುಗಿದಾಗ ಅದು ಹೇಗೆ ಏರುತ್ತದೋ ಹಾಗೆಯೇ ಏರಿತು. ಐದು ನಿಮಿಷದಲ್ಲಿ ನಾಲ್ಕು ಸಲ ಹಾಗಾಯಿತು. ಮೋಟರು ಇಲ್ಲದಿದ್ದರೂ ಅವಳ ಕೈ ಮೋಟರನ್ನೇ ನುಡಿಸುತ್ತಿತ್ತು. ಅದರ ಜೊತೆಗೆ ಕಮಾನಿನಿಂದ ಮರಳು ಉಜ್ಜಿದಂಥ ಒಂದು ಕರಕರ. ಒಂದೂವರೆ ವರ್ಷ ಇದನ್ನೇ ಚಲೋ ಐತಿ ಎಂದುಕೊಂಡಿದ್ದೆನಲ್ಲ ಎಂದು ಅವಳಿಗೆ ಮೈಯೆಲ್ಲ ಹಿಡಿಯಾಯಿತು.

ಅವಳು ಪಿಟೀಲನ್ನು ಪೆಟ್ಟಿಗೆಗೆ ಹಾಕಿ ಮೊಳೆಗೆ ತೂಗುಬಿಟ್ಟಳು. ಎಂಟು ದಿನ ಮುಟ್ಟಲಿಲ್ಲ. ಸಾಲಿನ ಹೆಂಗಸರು ಕೇಳಿದರೆ ಬೆರಳು ನೋಯುತ್ತಿದೆ ಎಂದಳು.

ಫಕೀರಪ್ಪ ಮಾತು ಕಡಿಮೆಯ ಮನುಷ್ಯ. ಎಂಟು ದಿನ ನೋಡಿದ. ಒಂಬತ್ತನೆಯ ದಿನ ಗಿರಣಿ ಚಾಲೂ ಮಾಡಿ ಹೆಂಡತಿಯ ಕಿವಿಯ ಹತ್ತಿರ ಬಂದು ಕೂಗಿ ಹೇಳಿದ.

"ತಪ್ಪು ನಂದು. ನಾ ಬುಟ್ಟಿಗಟ್ಟಲೆ ಸುರೀತೀನಿ, ಅದಕ್ಕ ದನಿ ಇಳೀತೈತಿ. ಇವತ್ತಿಂದ ಸಣ್ಣಗ ಸುರೀತೀನಿ. ನೀ ನುಡಸು."

ಹೇಳಿದಂತೆ ಅವನು ಬುಟ್ಟಿ ಕೆಳಗಿಟ್ಟು ಬೊಗಸೆಯಲ್ಲಿ ಜೋಳ ಹಿಡಿದು ನಾಲ್ಕು ನಾಲ್ಕು ಕಾಳು ಬಿಡತೊಡಗಿದ. ಮೋಟರಿನ ದನಿ ಒಂದಿಷ್ಟೂ ಇಳಿಯಲಿಲ್ಲ. ಹಿಟ್ಟೂ ಇಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸಾಲು ಓಣಿಯ ತಿರುವಿನವರೆಗೆ ಬೆಳೆಯಿತು. ಡಬ್ಬಿ ಹಿಡಿದು ನಿಂತ ಒಬ್ಬ ಮುದುಕಿ ಒಳಗೆ ಇಣುಕಿ ನೋಡಿದಳು.

"ಏನ್ ಫಕೀರಪ್ಪಾ, ಕೋಳಿಗೆ ಕಾಳು ಹಾಕಿದಂಗ ಹಾಕಾಕ್ಹತ್ತೀಯಲ್ಲ! ಸಂಜೀಗೆ ನಾವು ರೊಟ್ಟಿ ಬಡೀಬೇಕೋ ಬ್ಯಾಡೋ?"

ಸಾಲಿಗೆ ಸಾಲೇ ನಕ್ಕಿತು. ಬೊಗಸೆ ಹಿಡಿದು ನಿಂತ ಗಂಡನ ಮುಖ ನೋಡಿ ಬಾಳವ್ವನಿಗೂ ನಗು ತಡೆಯಲಾಗಲಿಲ್ಲ. ಎಂಟು ದಿನದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಅವಳು ಎದ್ದು ಬುಟ್ಟಿ ತುಂಬಿ ಅವನ ಕೈಗೆ ಕೊಟ್ಟಳು.

"ನೀವು ಸುರೀರಿ. ಸುರಿಯೂದು ನಿಮ್ಮ ಕೆಲಸ. ಸ್ವರಾ ಹಿಡಿಯೂದು ನಂದು."

ಆ ಸಂಜೆ ಪೆಟ್ಟಿಗೆ ಇಳಿಸಿ ತೆರೆದಳು. ಕಮಾನಿನ ತಿರುಪು ಸಡಿಲಿಸುವುದನ್ನು ಮೊಳೆಗೆ ತೂಗುಬಿಟ್ಟ ದಿನ ಮರೆತಿದ್ದಳು. ಎಂಟು ದಿನ ಬಿಗಿಯಲ್ಲೇ ಇದ್ದು ಕಡ್ಡಿ ಒಂದು ಕಡೆ ವಾಲಿತ್ತು, ಕೂದಲು ಹಿಗ್ಗಿತ್ತು. ತಂತಿಗಳ ಮೇಲೆ ಬೆವರಿನಲ್ಲಿ ಹಿಟ್ಟು ನೆನೆದು ಗಟ್ಟಿಯಾಗಿತ್ತು. ಪಿಟೀಲನ್ನು ಅಲ್ಲಾಡಿಸಿದರೆ ಹೊಟ್ಟೆಯೊಳಗೆ ಹಿಟ್ಟಿನ ಉಂಡೆಗಳು ಉರುಳಿದವು. ಇಪ್ಪತ್ತಾರು ವರ್ಷ ಗಿರಣಿಯನ್ನು ದಿನವೂ ಒರೆಸಿದವಳು ತಾನು, ಇದನ್ನು ಮಾತ್ರ ಒರೆಸಲಿಲ್ಲ ಎಂದು ಅವಳಿಗೆ ನೋವಾಯಿತು. ಉಸ್ತಾದರಿಗೆ ಫೋನು ಮಾಡಿ ತಪ್ಪು ಒಪ್ಪಿಕೊಂಡಳು.

ಉಸ್ತಾದರು ಬೈಯಲಿಲ್ಲ. ಒಂದು ಹಿಡಿ ಒಣ ಅಕ್ಕಿ ತಗೊಂಡು ಮೇಲಿನ ಸೀಳುಗಳಿಂದ ಒಳಗೆ ಹಾಕು, ಮೆಲ್ಲಗೆ ಉರುಳಾಡಿಸು, ಬೋರಲು ಹಿಡಿದು ಹೊರಗೆ ಸುರಿ, ಧೂಳೆಲ್ಲ ಅಕ್ಕಿಯ ಜೊತೆ ಬರುತ್ತದೆ ಎಂದರು. ನೀರು ಮುಟ್ಟಿಸಬೇಡ, ಎಣ್ಣೆ ಹಚ್ಚಬೇಡ ಎಂದರು. ಕಮಾನನ್ನು ಪೇಟೆಗೆ ಕಳಿಸಿ ಕೂದಲು ಹೊಸದಾಗಿ ಕಟ್ಟಿಸಲು ಹೇಳಿದರು.

ಬಾಳವ್ವ ಮತ್ತು ಫಕೀರಪ್ಪ ಹಿಂದಿನ ಕೋಣೆಯಲ್ಲಿ ಬಟ್ಟೆ ಹಾಸಿ ಕೂತರು. ಅವಳು ಪಿಟೀಲನ್ನು ಎಳೆಕೂಸಿನಂತೆ ಹಿಡಿದು ಅತ್ತಿತ್ತ ವಾಲಿಸಿದಳು. ಅವನು ಬಿದ್ದ ಅಕ್ಕಿಯನ್ನು ಆರಿಸಿ ಎಣಿಸುವವನಂತೆ ನೋಡಿದ. ಮೂರು ಸಲ ಹಾಕಿ ತೆಗೆದಾಗ ಅಕ್ಕಿ ಬೂದುಬಣ್ಣದ ಉಂಡೆಗಳ ಜೊತೆ ಬಂತು. ನಾಲ್ಕನೆಯ ಸಲ ಬಿಳಿಯಾಗಿಯೇ ಬಂತು. ಬಾಳವ್ವ ಹಳೆಯ ಪಂಚೆಯ ತುಂಡಿನಿಂದ ತಂತಿ ಒರೆಸಿ, ಒಂದನ್ನು ಮೀಟಿದಳು. ಆ ದನಿ ಅವಳು ಮೊದಲ ದಿನ ಕೇಳಿದ್ದಕ್ಕಿಂತ ಎಷ್ಟೋ ದೊಡ್ಡದಾಗಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂದಿನಿಂದ ನುಡಿಸದ ಹೊತ್ತಿನಲ್ಲಿ ಪಿಟೀಲು ಹಿಂದಿನ ಕೋಣೆಯಲ್ಲಿ, ಬಟ್ಟೆ ಸುತ್ತಿಕೊಂಡು, ಮುಚ್ಚಿದ ಪೆಟ್ಟಿಗೆಯಲ್ಲಿ ಉಳಿಯಿತು. ಕೈ ತೊಳೆಯದೆ ಅವಳು ಅದನ್ನು ಮುಟ್ಟಲಿಲ್ಲ.

ಕಡ್ಡಿ ನೆಟ್ಟಗಾಗಿ, ಹೊಸ ಕೂದಲು ಕಟ್ಟಿಕೊಂಡು ಕಮಾನು ಪೇಟೆಯಿಂದ ಬಂದ ಮೇಲೆ ಸಾಧನೆಯೂ ಬದಲಾಯಿತು. ಬೆಳಿಗ್ಗೆ ಗಿರಣಿ ಶುರುವಾಗುವ ಮುನ್ನ ಅವಳು ಚೀಲಗಳ ನಡುವೆ ಕೂಡುತ್ತಿದ್ದಳು. ಮೊದಲು ಬಾಯಿಯಿಂದ ಸಾ ಎನ್ನುತ್ತಿದ್ದಳು. ಅದು ಎದೆಯಲ್ಲಿ ನಿಂತ ಮೇಲೆಯೇ ಕಮಾನು ಎತ್ತುತ್ತಿದ್ದಳು. ಎರಡೇ ನಿಮಿಷ ನುಡಿಸಿ ರೆಕಾರ್ಡ್ ಮಾಡುತ್ತಿದ್ದಳು. ಕೂಡಲೇ ಕೇಳುತ್ತಿರಲಿಲ್ಲ. ಕೂಡಲೇ ಕೇಳಿದರೆ ತಾನು ನುಡಿಸಬೇಕೆಂದಿದ್ದದ್ದೇ ಕೇಳಿಸುತ್ತದೆ ಎಂದು ಅವಳಿಗೆ ಗೊತ್ತಾಗಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ, ಬೇರೆ ಯಾರೋ ನುಡಿಸಿದ್ದನ್ನು ಕೇಳುವಂತೆ ಕೇಳುತ್ತಿದ್ದಳು. ಹತ್ತು ತಪ್ಪು ಕಂಡರೂ ಒಂದನ್ನೇ ಆರಿಸಿಕೊಳ್ಳುತ್ತಿದ್ದಳು. ಮರುದಿನ ಅದೊಂದನ್ನೇ ತಿದ್ದುತ್ತಿದ್ದಳು. ಉಳಿದ ಒಂಬತ್ತು ಕಾಯಬೇಕಾಗಿತ್ತು.

ಹಗಲು ಮಾತ್ರ ಅವಳು ಗಿರಣಿಯ ಪಕ್ಕವನ್ನು ಬಿಡಲಿಲ್ಲ. ಹಿಟ್ಟು ಕೂರದಂತೆ ಪಿಟೀಲಿನ ಮೇಲೆ ಒಂದು ಬಟ್ಟೆ ಹೊದಿಸಿಕೊಂಡು, ಕಿವಿಯನ್ನು ಅದರ ಹತ್ತಿರ ತಂದು ನುಡಿಸುತ್ತಿದ್ದಳು. ಫಕೀರಪ್ಪ ಜೋಳ ಸುರಿಯುವನು. ಮೋಟರು ಇಳಿಯುವುದು. ಅವಳ ಬೆರಳೂ ಇಳಿಯುವುದು. ಅವಳು ತಲೆ ಅಲ್ಲಾಡಿಸಿ ಮತ್ತೆ ಶುರು ಮಾಡುವಳು. ಒಂದು ವಾರ ಹೀಗಾಯಿತು. ಒಂದು ತಿಂಗಳು ಹೀಗಾಯಿತು. ಉಸ್ತಾದರು ಆರು ಜನರಿಂದ ರೆಕಾರ್ಡಿಂಗ್ ಬಂದಿದೆ ಎಂದು ತಿಳಿಸಿದರು. ಆಮೇಲೆ ಎಂಟು ಜನರಿಂದ ಬಂದಿದೆ ಎಂದರು. ಬಾಳವ್ವ ಮಾತ್ರ ಮತ್ತೆ ಕಳಿಸಲಿಲ್ಲ.

ನಾಲ್ಕನೆಯ ತಿಂಗಳ ನಡುವಿನ ಒಂದು ಗುರುವಾರ. ಸಾಲಿನಲ್ಲಿ ಏಳೆಂಟು ಜನ ಇದ್ದರು. ಬಾಳವ್ವ ಷಡ್ಜದ ಮೇಲೆ ಬೆರಳೂರಿ ಕಮಾನು ಎಳೆಯುತ್ತಿದ್ದಳು. ಫಕೀರಪ್ಪ ಬುಟ್ಟಿ ಎತ್ತಿ ಸುರಿದ. ಮೋಟರು ನರಳಿ ಕೆಳಗೆ ಹೋಯಿತು.

ಅವಳ ಷಡ್ಜ ಹೋಗಲಿಲ್ಲ.

ಒಂದು ಕ್ಷಣ ಅವಳಿಗೆ ಏನಾಯಿತೆಂದು ತಿಳಿಯಲಿಲ್ಲ. ಕೆಳಗೆ ಒಂದು ದನಿ ಇತ್ತು, ಮೇಲೆ ಒಂದು ದನಿ ಇತ್ತು. ನಡುವೆ ಗಾಳಿಯಾಡುವಷ್ಟು ಜಾಗವಿತ್ತು. ಗಿರಣಿ ಬೇರೆ, ತಾನು ಬೇರೆ ಎಂದು ಅವಳಿಗೆ ಮೊದಲ ಸಲ ಕೇಳಿಸಿತು. ಅವಳು ಕಮಾನು ನಿಲ್ಲಿಸಲಿಲ್ಲ. ತಲೆ ಎತ್ತಿ ಗಂಡನನ್ನು ನೋಡಿದಳು.

ಇಪ್ಪತ್ತಾರು ವರ್ಷ ಅವಳ ಸನ್ನೆಯಲ್ಲೇ ಕೆಲಸ ಮಾಡಿದವನಿಗೆ ಅವಳ ಮುಖ ಸಾಕಾಯಿತು. ಅವನು ಇನ್ನೊಂದು ಬುಟ್ಟಿ ಸುರಿದ. ಮೋಟರು ಇನ್ನೂ ಕೆಳಗಿಳಿಯಿತು. ಅವಳ ಷಡ್ಜ ಇದ್ದಲ್ಲೇ ಇತ್ತು. ಅವನಿಗೆ ಹುಮ್ಮಸ್ಸು ಬಂತು. ಅರ್ಧ ಚೀಲವನ್ನೇ ಎತ್ತಿ ಗಿರಣಿಯ ಬಾಯಿಗೆ ಬೋರಲು ಹಾಕಿದ. ಗಿರಣಿ ಮುದಿ ಎಮ್ಮೆಯಂತೆ ಒದರಿತು, ಮೋಟರಿನ ಪಟ್ಟಾ ಜಾರಿತು, ಗೋಡೆಯ ಮೇಲಿನ ಹಿಟ್ಟು ಝಲ್ಲನೆ ಉದುರಿತು. ಬಾಳವ್ವ ಕಣ್ಣಿನಲ್ಲಿ ನೀರು ತುಂಬಿಕೊಂಡು ನಗುತ್ತ ಒಂದೇ ಸ್ವರವನ್ನು ಎಳೆಯುತ್ತಿದ್ದಳು. ಸಾಲಿನ ಹೆಂಗಸರು ಗಾಬರಿಯಾಗಿ ಎದ್ದು ನಿಂತರು. ಎರಡು ಬುಟ್ಟಿಯೂ ಆ ಅರ್ಧ ಚೀಲವೂ ಸೇರಿ ಮೂರು ಮನೆಯ ಜೋಳ ಬೆರೆತುಹೋಗಿತ್ತು. ಆ ಸಂಜೆ ಮೂರೂ ಮನೆಯವರು ಹಿಟ್ಟನ್ನು ಸಮನಾಗಿ ಹಂಚಿಕೊಂಡು ಹೋದರು. ಏನು ನಡೆಯಿತೆಂದು ಅವರಿಗೆ ಯಾರೂ ಹೇಳಲಿಲ್ಲ. ಹೇಳಲು ಗಂಡಹೆಂಡಿರಿಬ್ಬರಿಗೂ ನಗು ಬಿಡಲಿಲ್ಲ.

ಸೋಮವಾರ ಬೆಳಿಗ್ಗೆ ಬಾಳವ್ವ ಚೀಲಗಳ ನಡುವೆ ಕೂತಳು. ಮೊಬೈಲನ್ನು ಕೌದಿಯ ಮೇಲಿಟ್ಟು, ಹತ್ತು ಎಣಿಸಿ, ಐದು ನಿಮಿಷ ನುಡಿಸಿದಳು. ಒಂದೆರಡು ಕಡೆ ಕಮಾನು ತೊಡರಿತು. ಒಂದು ಕಡೆ ಬೆರಳು ತಡವಾಯಿತು. ಮತ್ತೊಮ್ಮೆ ನುಡಿಸಿದರೆ ಇನ್ನೂ ಚೆನ್ನಾದೀತು ಎಂದು ಅನಿಸಿತು. ಆದರೆ ಹೊರಗೆ ಹೋಗಿ ಯಾರಿಗಾದರೂ ಏನಾದರೂ ಕೊಡಬೇಕೆನ್ನುವಷ್ಟು ಸಂತೋಷವಾಗಿತ್ತು. ಅದನ್ನೇ ಕಳಿಸಿಬಿಟ್ಟಳು.

ಎರಡು ದಿನ ಉತ್ತರ ಬರಲಿಲ್ಲ. ಮೂರನೆಯ ದಿನ ಉಸ್ತಾದರು ಫೋನು ಮಾಡಿದರು. ಗಿರಣಿ ನಡೆಯುತ್ತಿತ್ತು. ಬಾಳವ್ವ ಒಂದು ಕಿವಿಗೆ ಮೊಬೈಲು, ಇನ್ನೊಂದು ಕಿವಿಗೆ ಅಂಗೈ ಒತ್ತಿಕೊಂಡು ನಿಂತಳು.

"ಮುಂದಿನ ವಾರ ಊರಿಗೆ ಬರ್ತೀನಿ" ಎಂದರು ಉಸ್ತಾದರು. "ಸೋಮವಾರ ತಪ್ಪಸಬ್ಯಾಡ."

ಬಾಳವ್ವ ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸಿ, ಹಿಟ್ಟಿನ ಕೈಯಿಂದ ಕಣ್ಣೊರೆಸಿಕೊಂಡು, ತುಂಬಿದ ಡಬ್ಬಿ ಸರಿಸಿ ಖಾಲಿ ಡಬ್ಬಿ ಇಟ್ಟಳು. ಏನಂದರು ಎಂದು ಫಕೀರಪ್ಪ ಮೇಲಿನಿಂದ ಕೂಗಿದ. ಅವಳು ಹೇಳಿದಳು. ಅವನಿಗೆ ಕೇಳಿಸಲಿಲ್ಲ. ಅವಳ ಮುಖದ ಮೇಲೆ ಬಿಳಿ ಹಿಟ್ಟಿನ ಎರಡು ಪಟ್ಟೆಗಳಿದ್ದವು. ಅದನ್ನು ನೋಡಿ ಅವನು ಬುಟ್ಟಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಗಿರಣಿಯ ಮೆಟ್ಟಿಲ ಮೇಲೆಯೇ ಕುಣಿದ.

ಮಾಸ್ತರು ಕತೆ ನಿಲ್ಲಿಸಿ ನೀರು ಕುಡಿದರು.

ಇಂದುಧರ ಇನ್ನೂ ನಗುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಅವನಿಗೆ ತನ್ನ ಪ್ರಶ್ನೆ ನೆನಪಾಯಿತು.

"ಆದರೆ ಮಾಸ್ತರೇ, ಬಾಳವ್ವನಿಗೆ ಬೆಳಿಗ್ಗೆ ಸದ್ದಿಲ್ಲದ ಕೋಣೆಯಾದರೂ ಇತ್ತು. ನನಗೆ ಅದೂ ಇಲ್ಲ. ಅಷ್ಟು ಗದ್ದಲದಲ್ಲಿ ಒಂದನ್ನೇ ಕೇಳುವುದು ನನ್ನಂಥವನಿಗೆ ಆಗುವ ಮಾತೇ?"

ಮಾಸ್ತರು ಲೋಟ ಕೆಳಗಿಟ್ಟು ಹೇಳಿದರು: "ನಾನು ಕತೆ ಶುರು ಮಾಡಿದಾಗಿನಿಂದ ಪಕ್ಕದ ಮನೆಯಲ್ಲಿ ಯಂತ್ರ ಹಚ್ಚಿ ಟೈಲ್ಸ್ ಕೊಯ್ಯುತ್ತಿದ್ದಾರೆ, ನಿನಗೆ ಎಷ್ಟು ಸಲ ಕೇಳಿಸಿತು?"

ಇಂದುಧರ ಎದ್ದು ಪಿಟೀಲಿನ ಪೆಟ್ಟಿಗೆ ತೆರೆದ.